ನಿಮ್ಮ ಸಂಗೀತ ಕಚೇರಿ ಪಟ್ಟಿಯನ್ನು ವಾಣಿಜ್ಯ ಜಾಲತಾಣ ಎತ್ತಿಕೊಂಡಿದ್ದರೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ರಸಿಕರು ಸಂಗೀತ ಕಚೇರಿಯಿಂದ ಕಚೇರಿಗೆ ಓಡಾಡಿ ಬರೆದಿಟ್ಟ ಪಟ್ಟಿಗಳನ್ನು ಟಿಕೆಟ್ ಮಾರುವ ಅಥವಾ ಜಾಹೀರಾತಿನಿಂದ ನಡೆಯುವ ಜಾಲತಾಣಗಳು ಹೇಳದೆ ಕೇಳದೆ ಎತ್ತಿಕೊಂಡು ತಮ್ಮದೆಂಬಂತೆ ಹಾಕಿಕೊಳ್ಳುತ್ತವೆ. ಯಾವ ದಿನ, ಎಲ್ಲಿ, ಯಾರ ಗಾಯನ, ಪಿಟೀಲು ಮೃದಂಗಕ್ಕೆ ಯಾರು, ಯಾವ ಕೃತಿ ಯಾವ ರಾಗದಲ್ಲಿ ಬಂತು, ತನಿ ಆವರ್ತನ (ತಾಳವಾದ್ಯಗಳ ಒಂಟಿ ವಾದನ) ಯಾವುದರ ಮೇಲೆ ಬಿತ್ತು ಎಂಬೆಲ್ಲ ವಿವರ ಅದರಲ್ಲಿರುತ್ತದೆ. ಪಟ್ಟಿ ಕಳೆದುಕೊಂಡವರು ಕೊಡುವ ದೂರುಗಳಲ್ಲಿ ಹೆಚ್ಚಿನವು ಒಂದೇ ರೀತಿಯಲ್ಲಿ ಬಿದ್ದುಹೋಗುತ್ತವೆ: ಮೊದಲು ಸಿಟ್ಟಿನ ಪತ್ರ ಹೋಗುತ್ತದೆ, ಎದುರಿನವರು ರಾತ್ರೋರಾತ್ರಿ ಪುಟ ಬದಲಿಸುತ್ತಾರೆ, ಆಮೇಲೆ ಸಾಕ್ಷ್ಯದ ಹುಡುಕಾಟ ಶುರುವಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮವೇ ಮುಖ್ಯ. ನಾಲ್ಕನೆಯ ಹಂತ ಮುಗಿಯುವವರೆಗೆ ಎದುರಿನವರಿಗೆ ಒಂದು ಸಾಲನ್ನೂ ಬರೆಯಬೇಡಿ.

ಬೇಕಾಗುವ ಸಲಕರಣೆ

ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ಒಂದು ಕಂಪ್ಯೂಟರ್ ಬೇಕು. ಎರಡು ಪೆನ್‌ಡ್ರೈವ್, ಒಂದು ಸ್ಪ್ರೆಡ್‌ಶೀಟ್, ನಿಮ್ಮ ಪಟ್ಟಿಯ ಹಳೆಯ ಕಡತಗಳು, ಟಿಪ್ಪಣಿ ಪುಸ್ತಕಗಳು, ಸಿಕ್ಕಷ್ಟು ಆಮಂತ್ರಣ ಪತ್ರಿಕೆಗಳು ಮತ್ತು ವಿವರ ಕಳಿಸಿದ ಸ್ನೇಹಿತರ ಸಂದೇಶಗಳನ್ನು ಒಂದೆಡೆ ಸೇರಿಸಿಕೊಳ್ಳಿ. ಹಳೆಯ ಕಡತಗಳನ್ನು ತೆರೆದು ಮತ್ತೆ ಉಳಿಸಬೇಡಿ, ಏಕೆಂದರೆ ಉಳಿಸಿದೊಡನೆ ಕೊನೆಯ ತಿದ್ದುಪಡಿಯ ದಿನಾಂಕ ಬದಲಾಗುತ್ತದೆ. ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಕೈಕೊಡುವುದರಿಂದ, ಪುಟ ಕಣ್ಣಿಗೆ ಬಿದ್ದ ದಿನವೇ ಮೊದಲ ಹಂತವನ್ನು ಮುಗಿಸುವುದು ಒಳ್ಳೆಯದು.

ಹಂತ 1: ಸಾಕ್ಷ್ಯವನ್ನು ಉಳಿಸಿಕೊಳ್ಳಿ

ಕಂಪ್ಯೂಟರಿನಲ್ಲಿ ಆ ಪುಟವನ್ನು ತೆರೆದು, ಬ್ರೌಸರಿನ ಮೇಲ್ಭಾಗದ ವಿಳಾಸದ ಸಾಲು ಮತ್ತು ದಿನಾಂಕ ಎರಡೂ ಕಾಣುವಂತೆ ಇಡೀ ಪರದೆಯ ಚಿತ್ರ ತೆಗೆಯಿರಿ. ನಂತರ ಅದೇ ಪುಟವನ್ನು ಪಿಡಿಎಫ್ ಆಗಿಯೂ, ಬ್ರೌಸರಿನ ‘ಪುಟ ಉಳಿಸು’ ಸೌಲಭ್ಯದಿಂದ ಪೂರ್ಣ ಎಚ್‌ಟಿಎಂಎಲ್ ಕಡತವಾಗಿಯೂ ಇಳಿಸಿಕೊಳ್ಳಿ. ಚಿತ್ರದಲ್ಲಿ ಕಾಣದ ಸಂಗತಿಗಳು, ಉದಾಹರಣೆಗೆ ನಿಮ್ಮ ತಾಣದ ಕೊಂಡಿಯೊಂದು ಅಳಿಸದೆ ಉಳಿದುಬಿಟ್ಟಿರುವುದು, ಎಚ್‌ಟಿಎಂಎಲ್ ಕಡತದಲ್ಲಿ ಸಿಗುತ್ತವೆ. ಪಟ್ಟಿ ಹತ್ತಾರು ಪುಟಗಳಲ್ಲಿ ಹರಡಿದ್ದರೆ ಪ್ರತಿಯೊಂದು ಪುಟವನ್ನೂ ಬೇರೆಬೇರೆಯಾಗಿ ಉಳಿಸಬೇಕು. ಮುಖಪುಟದ ಚಿತ್ರವೊಂದರಿಂದ ಏನೂ ಸಾಬೀತಾಗುವುದಿಲ್ಲ.

ಮೂರನೆಯವರ ಬಳಿ ಉಳಿಯುವ ಪ್ರತಿಯೂ ಬೇಕು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ವಿಳಾಸ ಕೊಟ್ಟು ಆಗಿಂದಾಗಲೇ ಸಂಗ್ರಹಿಸುವಂತೆ ಕೇಳಬಹುದು. ಸಂಗ್ರಹವಾದ ಪ್ರತಿಗೆ ದಿನಾಂಕ ಮತ್ತು ಸಮಯದ ಮುದ್ರೆ ಇರುತ್ತದೆ. ಸ್ಕ್ರಿಪ್ಟ್ ಮೂಲಕ ತುಂಬಿಕೊಳ್ಳುವ ಪುಟಗಳು ಅಲ್ಲಿ ಅರೆಬರೆ ಉಳಿಯುವುದುಂಟು, ಆದ್ದರಿಂದ ಸಂಗ್ರಹವಾದದ್ದನ್ನು ತೆರೆದು ನೋಡದೆ ಮುಂದೆ ಹೋಗಬೇಡಿ. ನಿಮ್ಮ ಸ್ವಂತ ತಾಣದ ಹಳೆಯ ಪ್ರತಿಗಳು ಅಲ್ಲಿ ಮೊದಲೇ ಇದ್ದರೆ ನಿಮ್ಮ ಪಟ್ಟಿ ಯಾವಾಗ ಪ್ರಕಟವಾಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಉಳಿಸಿದ ಕಡತಗಳಿಗೆ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಕೇತ, ತೆಗೆದು ಒಂದು ಹಾಳೆಯಲ್ಲಿ ಬರೆದಿಡಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಇದನ್ನು ಮಾಡಿಕೊಡುತ್ತದೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುವುದರಿಂದ, ನೀವು ತಿದ್ದಿಲ್ಲವೆಂದು ಮುಂದೆ ತೋರಿಸಲು ಇದೇ ದಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು, ಮತ್ತು ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ನಮೂನೆಯ ‘ಎ’ ಭಾಗವನ್ನು ನೀವು, ‘ಬಿ’ ಭಾಗವನ್ನು ತಜ್ಞರು ತುಂಬುತ್ತಾರೆ.

ನಿಮ್ಮ ತಾಣ ಸ್ವಂತ ಸರ್ವರ್ ಜಾಗದಲ್ಲಿದ್ದರೆ ಪ್ರವೇಶ ದಾಖಲೆಗಳನ್ನು ಅಂದರೆ ಲಾಗ್ ಕಡತಗಳನ್ನು ಕೂಡಲೇ ಇಳಿಸಿಕೊಳ್ಳಿ. ಜಾಗ ಕೊಡುವ ಕಂಪನಿಗಳು ಇವನ್ನು ಬಹಳ ಕಾಲ ಇಡುವುದಿಲ್ಲ. ಒಂದೇ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ನಡುರಾತ್ರಿ ಸೆಕೆಂಡಿಗೊಂದರಂತೆ ನಿಮ್ಮ ಪುಟಗಳನ್ನೆಲ್ಲ ಕ್ರಮವಾಗಿ ತೆರೆದಿದ್ದರೆ ಅದು ಯಂತ್ರದ ಕೆಲಸ. ಆ ಸಾಲುಗಳು ಮುಂದಿನ ಹಂತಕ್ಕೆ ಬಹಳ ಉಪಯೋಗ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಆಮೇಲೆ ಅಲ್ಲಿಂದಲೇ ಇಳಿಸಿಕೊಂಡದ್ದನ್ನು ಮೂಲವೆಂದು ಇಟ್ಟುಕೊಳ್ಳುವುದು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಅದರ ಒಳಗಿನ ದಿನಾಂಕದ ಮಾಹಿತಿಯನ್ನು ಕಳೆದುಬಿಡುತ್ತದೆ. ಗುಂಪಿಗೆ ಹಾಕುವುದರಲ್ಲಿ ಇನ್ನೂ ಒಂದು ಅಪಾಯವಿದೆ: ಗುಂಪಿನಲ್ಲಿ ಯಾರೋ ಒಬ್ಬರು ಉತ್ಸಾಹದಿಂದ ಆ ಜಾಲತಾಣಕ್ಕೆ ನಾಲ್ಕು ಮಾತು ಬರೆದರೆ ಪುಟ ಮಾಯವಾಗುತ್ತದೆ.

ಹಂತ 2: ನಕಲು ಎಂದು ತೋರಿಸುವ ಹೋಲಿಕೆ ಪಟ್ಟಿ

ಒಂದೇ ಕಚೇರಿಯ ವಿವರ ಎರಡು ಕಡೆ ಒಂದೇ ರೀತಿ ಇದ್ದ ಮಾತ್ರಕ್ಕೆ ನಕಲು ಎನ್ನಲಾಗದು. ಕುವೆಂಪು ರಂಗಮಂದಿರದಲ್ಲಿ ಕಚೇರಿ ನಡೆದ ದಿನವೂ ಕಲಾವಿದರ ಹೆಸರೂ ಆಮಂತ್ರಣ ಪತ್ರಿಕೆಯಲ್ಲೇ ಇರುತ್ತವೆ. ಎದುರಿನವರು ಅಲ್ಲಿಂದಲೇ ತೆಗೆದುಕೊಂಡೆವು ಎಂದರೆ ನಿಮ್ಮ ಬಾಯಿ ಕಟ್ಟುತ್ತದೆ. ಆದ್ದರಿಂದ ಸ್ಪ್ರೆಡ್‌ಶೀಟಿನಲ್ಲಿ ಮೂರು ಅಂಕಣ ಮಾಡಿ, ಮೊದಲನೆಯದರಲ್ಲಿ ಆಮಂತ್ರಣದಲ್ಲಿದ್ದದ್ದು, ಎರಡನೆಯದರಲ್ಲಿ ನೀವು ಬರೆದದ್ದು, ಮೂರನೆಯದರಲ್ಲಿ ಅವರ ಪುಟದಲ್ಲಿರುವುದನ್ನು ತುಂಬಿ. ಆಮಂತ್ರಣದಲ್ಲಿ ಇಲ್ಲದೆ ನಿಮ್ಮಲ್ಲೂ ಅವರಲ್ಲೂ ಇರುವ ಸಾಲುಗಳೇ ನಿಮ್ಮ ಬಲ.

ಅಂಥ ಸಾಲುಗಳು ಮಲೆನಾಡಿನ ಪಟ್ಟಿಗಳಲ್ಲಿ ಸಾಕಷ್ಟು ಸಿಗುತ್ತವೆ. ಆಗುಂಬೆ ಘಾಟಿಯಲ್ಲಿ ಮರ ಬಿದ್ದು, ಉಡುಪಿಯಿಂದ ಬರಬೇಕಾಗಿದ್ದ ಮೃದಂಗದವರು ತಲುಪದೆ, ಊರಿನವರೇ ಒಬ್ಬರು ವೇದಿಕೆ ಏರಿದ್ದನ್ನು ನೀವು ದಾಖಲಿಸಿರುತ್ತೀರಿ. ಆಮಂತ್ರಣದಲ್ಲಿ ಉಡುಪಿಯವರ ಹೆಸರೇ ಉಳಿದಿರುತ್ತದೆ. ಆ ಜಾಲತಾಣದಲ್ಲಿ ಊರಿನವರ ಹೆಸರು ಬಂದಿದ್ದರೆ ಅದು ಎಲ್ಲಿಂದ ಬಂತು ಎಂದು ಅವರೇ ಹೇಳಬೇಕಾಗುತ್ತದೆ. ಹಾಡಿದ ಕೃತಿಗಳ ಅನುಕ್ರಮ, ನೆರವಲ್‌ಗೆ, ಅಂದರೆ ಮತ್ತೆ ಮತ್ತೆ ಬೇರೆ ರೀತಿಯಲ್ಲಿ ಹಾಡಿ ಬೆಳೆಸಲು, ಆರಿಸಿಕೊಂಡ ಸಾಲು, ಕೊನೆಯ ದೇವರನಾಮ, ಕಚೇರಿ ತಡವಾಗಿ ಶುರುವಾದ ಸಮಯ ಇವೂ ಹಾಗೆಯೇ.

ನಿಮ್ಮ ತಪ್ಪುಗಳು ಇಲ್ಲಿ ನಿಮಗೇ ನೆರವಾಗುತ್ತವೆ. ಕಲ್ಯಾಣಿಯನ್ನು ಒಂದು ಕಡೆ ‘ಕಲ್ಯಣಿ’ ಎಂದು ಟೈಪ್ ಮಾಡಿದ್ದು, ಸಭಾಂಗಣಕ್ಕೆ ನೀವೇ ಕೊಟ್ಟುಕೊಂಡ ‘ಕು.ರಂ.’ ಎಂಬ ಸಂಕ್ಷೇಪ, ರಾಗ ಖಚಿತವಾಗದ ಕಡೆ ನೀವು ಹಾಕುವ ಪ್ರಶ್ನಾರ್ಥಕ ಚಿಹ್ನೆ ಅವರ ಪುಟದಲ್ಲೂ ಅದೇ ಜಾಗದಲ್ಲಿ ಇದ್ದರೆ ಬೇರೆ ವಿವರಣೆ ಉಳಿಯುವುದಿಲ್ಲ. ಈ ಕಾರಣಕ್ಕೆ, ಹೋಲಿಕೆ ಪಟ್ಟಿ ಮುಗಿಯುವವರೆಗೆ ನಿಮ್ಮ ತಾಣದಲ್ಲಿ ಯಾವ ತಪ್ಪನ್ನೂ ತಿದ್ದಬೇಡಿ.

ಮುಂದೆ ಕಳ್ಳರನ್ನು ಹಿಡಿಯಲೆಂದು ನಡೆಯದ ಕಚೇರಿಯೊಂದನ್ನು ಬೇಕೆಂದೇ ಸೇರಿಸುವ ಯೋಚನೆ ಕೆಲವರಿಗೆ ಬರುತ್ತದೆ. ಅಮೆರಿಕದ ರೂರಲ್ ಎಂಬ ದೂರವಾಣಿ ಕಂಪನಿ ತನ್ನ ಡೈರೆಕ್ಟರಿಯಲ್ಲಿ ಹೀಗೆ ಇಟ್ಟಿದ್ದ ಕಲ್ಪಿತ ಹೆಸರುಗಳಲ್ಲಿ ನಾಲ್ಕು ಎದುರಾಳಿ ಫೈಸ್ಟ್ ಕಂಪನಿಯ ಪುಸ್ತಕದಲ್ಲೂ ಸಿಕ್ಕಿದ್ದವು. ನಕಲು ಸಾಬೀತಾಯಿತು, ಆದರೆ ಬರಿಯ ಹೆಸರು ಸಂಖ್ಯೆಗಳ ಪಟ್ಟಿಗೆ ಹಕ್ಕುಸ್ವಾಮ್ಯವಿಲ್ಲವೆಂದು 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ರೂರಲ್ ಸೋತಿತು. ಕಚೇರಿ ಪಟ್ಟಿಯಲ್ಲಿ ಸುಳ್ಳು ಸೇರಿಸಿದರೆ ಅದನ್ನು ನಂಬಿ ಬಳಸುವ ಸಂಗೀತ ವಿದ್ಯಾರ್ಥಿಗೆ ಮೋಸವಾಗುತ್ತದೆ. ನಿಮ್ಮದೇ ಕ್ರಮಸಂಖ್ಯೆ ಪದ್ಧತಿಯೊಂದನ್ನು ಪ್ರತಿ ಸಾಲಿಗೂ ಕೊಟ್ಟರೆ ಅದೇ ಕೆಲಸ ಸುಳ್ಳಿಲ್ಲದೆ ಆಗುತ್ತದೆ.

ಹಂತ 3: ನಿಮ್ಮದು ಯಾವುದು, ಊರಿನದು ಯಾವುದು ಎಂದು ವಿಂಗಡಿಸಿ

ಸುಲಿದು ಬೇಯಿಸಿದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡದೆ ಮಂಡಿಗೆ ಒಯ್ದರೆ ಇಡೀ ಚೀಲಕ್ಕೆ ಗೊರಬಲಿನ ದರವೇ ಬೀಳುತ್ತದೆ. ಎಲ್ಲವೂ ನನ್ನದು ಎಂದು ಬರೆದ ದೂರಿಗೂ ಅದೇ ಗತಿ. ಆದ್ದರಿಂದ ಪಟ್ಟಿಯ ಪ್ರತಿ ಅಂಕಣವನ್ನೂ ನೋಡಿ ನಾಲ್ಕು ಗುಂಪು ಮಾಡಬೇಕು.

ಮೊದಲ ಗುಂಪು ಬರಿಯ ಸಂಗತಿಗಳದು. ದಿನಾಂಕ, ಸ್ಥಳ, ಕಲಾವಿದರ ಹೆಸರು, ರಾಗದ ಹೆಸರು ಇವು ಯಾರ ಸ್ವತ್ತೂ ಅಲ್ಲ. ಅವನ್ನು ಕಲೆಹಾಕಲು ನೀವು ಎಷ್ಟು ಬಸ್ಸು ಹತ್ತಿದಿರಿ, ಎಷ್ಟು ರಾತ್ರಿ ನಿದ್ದೆಗೆಟ್ಟಿರಿ ಎಂಬುದು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 1996ರ ನಿರ್ದೇಶನದಂತೆ ದತ್ತಸಂಚಯಕ್ಕೆಂದೇ (ಡೇಟಾಬೇಸ್) 15 ವರ್ಷಗಳ ಪ್ರತ್ಯೇಕ ಹಕ್ಕಿದೆ. ಭಾರತದಲ್ಲಿ ಅಂಥದ್ದು ಇಲ್ಲ.

ಎರಡನೆಯ ಗುಂಪು ಆಯ್ಕೆ ಮತ್ತು ಜೋಡಣೆಯದು. 1957ರ ಹಕ್ಕುಸ್ವಾಮ್ಯ ಅಧಿನಿಯಮದ ಸೆಕ್ಷನ್ 2(ಒ) ಕೋಷ್ಟಕಗಳನ್ನೂ ಸಂಕಲನಗಳನ್ನೂ ಕಂಪ್ಯೂಟರ್ ದತ್ತಸಂಚಯಗಳನ್ನೂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಸೇರಿಸುತ್ತದೆ. ಆದರೆ ಆ ಸಂಕಲನದಲ್ಲಿ ನಿಮ್ಮ ಕೌಶಲವೂ ವಿವೇಚನೆಯೂ ಕಾಣಬೇಕು. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಿನ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಇದನ್ನು ಸ್ಪಷ್ಟಪಡಿಸಿತು. ತೀರ್ಪುಗಳ ಮೂಲ ಪಠ್ಯದ ಮೇಲೆ ಪ್ರಕಾಶಕರಿಗೆ ಹಕ್ಕಿಲ್ಲ, ಆದರೆ ವಿವೇಚನೆಯಿಂದ ಮಾಡಿದ ಪ್ಯಾರಾ ವಿಭಜನೆ, ಸಂಖ್ಯೆ ಕೊಡುವಿಕೆ ಮತ್ತು ಸಂಪಾದಕರ ಟಿಪ್ಪಣಿಗಳ ಮೇಲೆ ಇದೆ ಎಂಬುದು ಅದರ ಸಾರ. ದಿನಾಂಕದ ಕ್ರಮದಲ್ಲಿ ಎಲ್ಲ ಕಚೇರಿಗಳನ್ನೂ ಇಟ್ಟರೆ ವಿವೇಚನೆ ಕಡಿಮೆ. ‘ಮಲೆನಾಡಿನಲ್ಲಿ ರಾಗ-ತಾನ-ಪಲ್ಲವಿ ವಿಸ್ತಾರವಾಗಿ ಬಂದ ಕಚೇರಿಗಳು’ ಎಂದು ಆರಿಸಿ, ನಿಮ್ಮದೇ ಮಾನದಂಡದಿಂದ ವರ್ಗೀಕರಿಸಿದ್ದರೆ ಹೆಚ್ಚು.

ಮೂರನೆಯದು ನೀವು ಬರೆದ ವಾಕ್ಯಗಳು: ಕಚೇರಿಯ ಟಿಪ್ಪಣಿ, ವಿಮರ್ಶೆ, ಪರಿಚಯ. ಇದೇ ಎಲ್ಲಕ್ಕಿಂತ ಗಟ್ಟಿ. ಮೂರು ಸಾಲಿನ ಟಿಪ್ಪಣಿ ಪದಕ್ಕೆ ಪದ ಅವರ ಪುಟದಲ್ಲಿ ಇದ್ದರೆ ಸಾವಿರ ದಿನಾಂಕಗಳಿಗಿಂತ ಅದಕ್ಕೆ ತೂಕ ಹೆಚ್ಚು, ಮತ್ತು ದೂರನ್ನು ಅದರಿಂದಲೇ ಶುರುಮಾಡಬೇಕು. ನಾಲ್ಕನೆಯದು ಇತರರ ಸ್ವತ್ತು. ನೀವು ಪಟ್ಟಿಯಲ್ಲಿ ಬಳಸಿದ ಛಾಯಾಚಿತ್ರ ತೆಗೆದವರದು, ಧ್ವನಿಮುದ್ರಣದ ಮೇಲೆ ಕಲಾವಿದರಿಗೆ ಅವರದೇ ಹಕ್ಕಿದೆ. ಇವುಗಳ ಬಗ್ಗೆ ನಿಮ್ಮ ಹೆಸರಿನಲ್ಲಿ ದೂರು ಕೊಡಬೇಡಿ. ಒಪ್ಪಿಗೆಯಿಲ್ಲದೆ ಮಾಡಿದ ಧ್ವನಿಮುದ್ರಣ ನಿಮ್ಮ ತಾಣದಲ್ಲೇ ಇದ್ದರೆ ಎದುರಿನ ವಕೀಲರು ಮೊದಲು ಬೆರಳಿಡುವುದು ಅಲ್ಲಿಗೇ.

ಹಂತ 4: ಒಳಗಿನ ಲೆಕ್ಕ ಮೊದಲು ಸರಿಮಾಡಿಕೊಳ್ಳಿ

ಪಟ್ಟಿ ನಿಮ್ಮೊಬ್ಬರದಾಗಿರುವುದು ಅಪರೂಪ. ಶೃಂಗೇರಿಯ ನವರಾತ್ರಿ ಕಚೇರಿಗಳನ್ನು ಒಬ್ಬರು, ಸಾಗರದವನ್ನು ಇನ್ನೊಬ್ಬರು ಬರೆದು ಕಳಿಸಿರುತ್ತಾರೆ. ಅವರು ಬರೆದ ಟಿಪ್ಪಣಿಯ ಹಕ್ಕು ಅವರದೇ. ಅದನ್ನು ನಿಮಗೆ ವಹಿಸಿಕೊಡಬೇಕಾದರೆ ಸೆಕ್ಷನ್ 19ರಂತೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ‘ಹಾಕಿಕೊಳ್ಳಿ ಭಟ್ಟರೇ, ಅದರಲ್ಲೇನು’ ಎಂಬ ಫೋನಿನ ಮಾತು ಪ್ರಕಟಣೆಗೆ ಸಾಕಾದೀತು, ದೂರಿಗೆ ಸಾಲದು. ಪ್ರತಿಯೊಬ್ಬರಿಂದಲೂ ಅರ್ಧ ಪುಟದ ಸಹಿ ಪತ್ರ ಪಡೆಯಿರಿ. ನೀವು ಯಾವುದಾದರೂ ಸಂಗೀತ ಸಭೆಯ ಸಂಬಳದ ನೌಕರರಾಗಿದ್ದು ಕೆಲಸದ ಭಾಗವಾಗಿ ಪಟ್ಟಿ ಮಾಡಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಹಕ್ಕು ಸಭೆಯದು.

ಆಮೇಲೆ ನೀವೇ ಹಿಂದೆ ಏನು ಅನುಮತಿ ಕೊಟ್ಟಿದ್ದಿರಿ ಎಂದು ನೋಡಿ. ಪುಟದ ಅಡಿಯಲ್ಲಿ ಎಂದೋ ಒಂದು ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಎಲ್ಲರಿಗೂ ಬಳಕೆಗೆ ಬಿಡುವ ಪರವಾನಗಿ) ಚಿಹ್ನೆ ಅಂಟಿಸಿ ಮರೆತವರು ಬಹಳ ಮಂದಿ. ಸಿಸಿ ಬೈ ಪರವಾನಗಿಯಲ್ಲಿ ಹೆಸರು ಹೇಳಿ ವಾಣಿಜ್ಯಕ್ಕೂ ಬಳಸಬಹುದು, ಮತ್ತು ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆಗ ನಿಮ್ಮ ದೂರು ಹೆಸರು ಹಾಕದ ಬಗ್ಗೆ ಮಾತ್ರ. ವಾಣಿಜ್ಯೇತರ ಎಂಬ ಎನ್‌ಸಿ ಷರತ್ತು ಇದ್ದರೆ ದೂರು ಬಲವಾಗಿ ನಿಲ್ಲುತ್ತದೆ. 4.0 ಆವೃತ್ತಿಯಲ್ಲಿ ಷರತ್ತು ಮುರಿದವರ ಪರವಾನಗಿ ತಾನಾಗಿಯೇ ರದ್ದಾಗುತ್ತದೆ, ಆದರೆ ತಪ್ಪು ಗೊತ್ತಾದ 30 ದಿನಗಳೊಳಗೆ ಅವರು ಸರಿಪಡಿಸಿದರೆ ಮತ್ತೆ ಊರ್ಜಿತವಾಗುತ್ತದೆ ಎಂಬುದು ನೆನಪಿರಲಿ. ಅದೇ ವಿವರಗಳನ್ನು ನೀವು ಮ್ಯೂಸಿಕ್‌ಬ್ರೈನ್ಜ್ ಎಂಬ ಸಾರ್ವಜನಿಕ ಸಂಗೀತ ಮಾಹಿತಿಯ ತಾಣಕ್ಕೂ ಸೇರಿಸಿದ್ದರೆ, ಅಲ್ಲಿನ ಮುಖ್ಯ ದತ್ತಾಂಶವೆಲ್ಲ ಸಿಸಿ-ಝೀರೋ, ಅಂದರೆ ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಬಹುದು. ಎದುರಿನವರು ಅಲ್ಲಿಂದ ತೆಗೆದಿದ್ದರೆ ನಿಮಗೆ ಹೇಳಲು ಏನೂ ಇಲ್ಲ.

ಹಂತ 5: ಎದುರಿನವರು ಯಾರು

ಜಾಲತಾಣದ ‘ಸಂಪರ್ಕಿಸಿ’ ಪುಟ, ಬಳಕೆಯ ನಿಯಮಗಳು, ಗೌಪ್ಯತಾ ನೀತಿ ಇವುಗಳಲ್ಲಿ ಕಂಪನಿಯ ನೋಂದಾಯಿತ ಹೆಸರು ಸಿಗುತ್ತದೆ. ಸಿಗದಿದ್ದರೆ ಜಾಲತಾಣಗಳ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕಾಟ ಪುಟದಲ್ಲಿ ಡೊಮೇನ್ ಹೆಸರು (ಜಾಲತಾಣದ ವಿಳಾಸ) ಕೊಟ್ಟು ಅದನ್ನು ನೋಂದಾಯಿಸಿದ ರಿಜಿಸ್ಟ್ರಾರ್ ಯಾರೆಂದು ತಿಳಿಯಿರಿ. ಐಪಿ ವಿಳಾಸ ಹುಡುಕಿದಾಗ ಕ್ಲೌಡ್‌ಫ್ಲೇರ್ ಎಂದು ಬಂದರೆ ಅದು ನಡುವಿನ ಪರದೆ ಮಾತ್ರ. ಅವರ ದೂರು ನಮೂನೆಯ ಮೂಲಕ ಕೇಳಿದರೆ ಹಿಂದಿರುವ ಹೋಸ್ಟಿಂಗ್ ಕಂಪನಿಯ, ಅಂದರೆ ಆ ತಾಣಕ್ಕೆ ಸರ್ವರ್ ಜಾಗ ಕೊಟ್ಟವರ, ವಿವರ ಸಾಮಾನ್ಯವಾಗಿ ಸಿಗುತ್ತದೆ.

ಹಂತ 6: ಮೊದಲ ಪತ್ರ

ಪತ್ರ ಒಂದು ಪುಟ ಮೀರಬಾರದು. ಯಾವ ಪುಟ, ಅದರಲ್ಲಿ ನಿಮ್ಮ ಯಾವ ಬರಹ, ಅದು ನಿಮ್ಮಲ್ಲಿ ಮೊದಲು ಪ್ರಕಟವಾದ ದಿನಾಂಕ, ನಿಮಗೆ ಬೇಕಾದದ್ದು ಏನು, ಎಷ್ಟು ದಿನದೊಳಗೆ ಎಂಬ ಐದು ಸಂಗತಿ ಸಾಕು. ಮಾದರಿ ಹೀಗಿರಲಿ:

‘ನಿಮ್ಮ ಜಾಲತಾಣದ ಈ ಕೆಳಗಿನ ಪುಟಗಳಲ್ಲಿ ನಾನು ಬರೆದ ಕಚೇರಿ ಟಿಪ್ಪಣಿಗಳೂ ನನ್ನ ವರ್ಗೀಕರಣವೂ ನನ್ನ ಅನುಮತಿಯಿಲ್ಲದೆ ಪ್ರಕಟವಾಗಿವೆ. ಹೋಲಿಕೆಯ ಪಟ್ಟಿಯನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಅವನ್ನು ತೆಗೆದುಹಾಕಬೇಕೆಂದು ಅಥವಾ ಪರವಾನಗಿಯ ಬಗ್ಗೆ ಮಾತುಕತೆಗೆ ಉತ್ತರ ಬರೆಯಬೇಕೆಂದು ಕೋರುತ್ತೇನೆ.’

ಹೋಲಿಕೆ ಪಟ್ಟಿಯ ಅತ್ಯಂತ ಸ್ಪಷ್ಟವಾದ ಕೆಲವು ಸಾಲುಗಳನ್ನು ಮಾತ್ರ ಲಗತ್ತಿಸಿ, ಉಳಿದವನ್ನು ಕೈಯಲ್ಲಿ ಇಟ್ಟುಕೊಳ್ಳಿ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ರಶೀದಿ ಜೋಪಾನ ಮಾಡಿ. ‘ಕಳ್ಳರು’, ‘ಜೈಲಿಗೆ ಕಳಿಸುತ್ತೇನೆ’ ಎಂಬ ಮಾತು ಬೇಡವೇ ಬೇಡ. ಉಲ್ಲಂಘನೆಗೆ ಹಕ್ಕುಸ್ವಾಮ್ಯ ಅಧಿನಿಯಮದ ಸೆಕ್ಷನ್ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಇರುವುದು ನಿಜ, ಆದರೆ ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದರೆ ಸೆಕ್ಷನ್ 60ರಡಿ ಅವರೇ ನಿಮ್ಮ ಮೇಲೆ ದಾವೆ ಹೂಡಿ ಪರಿಹಾರ ಕೇಳಬಹುದು. ಬರಿಯ ದಿನಾಂಕಗಳ ನಕಲಿಗೆ ಜೈಲಿನ ಮಾತೆತ್ತುವವರು ತಾವೇ ಹಳ್ಳ ತೋಡಿಕೊಳ್ಳುತ್ತಾರೆ.

ಹಂತ 7: ಮಧ್ಯವರ್ತಿಗಳಿಗೆ ನೋಟಿಸು

ಗಡುವು ಮುಗಿದರೂ ಉತ್ತರ ಬರದಿದ್ದರೆ ಹೋಸ್ಟಿಂಗ್ ಕಂಪನಿ ಮತ್ತು ಹುಡುಕು ಯಂತ್ರಗಳ ಕಡೆ ತಿರುಗಿ. ಅಮೆರಿಕದ ಕಂಪನಿಯಾದರೆ ಅಲ್ಲಿನ ಡಿಎಂಸಿಎ ಎಂಬ ಡಿಜಿಟಲ್ ಹಕ್ಕುಸ್ವಾಮ್ಯ ಕಾನೂನಿನ ಸೆಕ್ಷನ್ 512ರ ನಮೂನೆ ಇರುತ್ತದೆ. ಹಕ್ಕುದಾರರ ಪರವಾಗಿ ದೂರು ಕೊಡುವ ಅಧಿಕಾರ ನಿಮಗಿದೆ ಎಂಬುದನ್ನು ಅದರಲ್ಲಿ ಸುಳ್ಳುಸಾಕ್ಷ್ಯದ ದಂಡನೆಗೆ ಒಳಪಟ್ಟು ಘೋಷಿಸುತ್ತೀರಿ. ನಾಲ್ಕನೆಯ ಹಂತದ ಸಹಿ ಪತ್ರಗಳು ಕೆಲಸಕ್ಕೆ ಬರುವುದು ಇಲ್ಲಿ. ಎದುರಿನವರು ನಿಮ್ಮ ನೋಟಿಸಿಗೆ ಉತ್ತರವಾಗಿ ಆಕ್ಷೇಪದ ನೋಟಿಸು ಕೊಟ್ಟರೆ, ನೀವು ದಾವೆ ಹೂಡದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಪುಟ ಮತ್ತೆ ಬರುತ್ತದೆ. ಗೂಗಲ್‌ಗೆ ಕೊಟ್ಟ ನೋಟಿಸಿನ ಪ್ರತಿ ಲುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗಬಹುದು, ಆದ್ದರಿಂದ ಅದರಲ್ಲಿ ಖಾಸಗಿ ಸಂಗತಿ ಬರೆಯಬೇಡಿ.

ಭಾರತದ ದಾರಿ ಬೇರೆ, ಮತ್ತು ಎಡವುವವರು ಹೆಚ್ಚು ಇಲ್ಲೇ. ಸೆಕ್ಷನ್ 52(1)(ಸಿ) ಹಾಗೂ 2013ರ ಹಕ್ಕುಸ್ವಾಮ್ಯ ನಿಯಮಗಳ 75ನೆಯ ನಿಯಮದಂತೆ ಲಿಖಿತ ದೂರು ಕೊಟ್ಟರೆ ಮಧ್ಯವರ್ತಿಯು 36 ಗಂಟೆಯೊಳಗೆ ಆ ಪ್ರತಿಗೆ ಪ್ರವೇಶ ತಡೆಯಬೇಕು, ಮತ್ತು ಆ ತಡೆ 21 ದಿನ ಇರುತ್ತದೆ. ಆದರೆ ಆ ದೂರಿನಲ್ಲಿ ನೀವು ನ್ಯಾಯಾಲಯದಲ್ಲಿ ದಾವೆ ಹೂಡಿ 21 ದಿನಗಳೊಳಗೆ ಆದೇಶ ತಂದುಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಆದೇಶ ಬಾರದಿದ್ದರೆ ಪುಟ ಮತ್ತೆ ತೆರೆದುಕೊಳ್ಳುತ್ತದೆ, ನೀವು ಮಾತು ತಪ್ಪಿದಂತೆಯೂ ಆಗುತ್ತದೆ. ವಕೀಲರು ಸಿದ್ಧರಿಲ್ಲದೆ ಈ ನೋಟಿಸು ಕಳಿಸಬೇಡಿ.

ಹಂತ 8: ವಕೀಲರು ಮತ್ತು ನ್ಯಾಯಾಲಯ

ಮುಂಬೈ, ದೆಹಲಿಗೆ ಓಡಬೇಕಾಗಿಲ್ಲ. ಸೆಕ್ಷನ್ 62ರಂತೆ ನೀವು ವಾಸಿಸುವ ಊರಿನ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಮಾಡಿಸಿದ್ದರೆ ಸಾಕ್ಷ್ಯಕ್ಕೆ ಅನುಕೂಲ. ವಿವಾದದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ ಅನ್ವಯಿಸುತ್ತದೆ, ಮತ್ತು ತುರ್ತು ತಡೆಯಾಜ್ಞೆ ಬೇಕಿಲ್ಲದ ಪ್ರಕರಣದಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ನನ್ನ ಅಭಿಪ್ರಾಯದಲ್ಲಿ, ನಕಲಾದದ್ದು ಮೊದಲ ಗುಂಪಿನ ಸಂಗತಿಗಳು ಮಾತ್ರವಾಗಿದ್ದರೆ ಈ ಹಂತಕ್ಕೆ ಬರಲೇಬಾರದು.

ನಿಲ್ಲಿಸಿ ಯೋಚಿಸಬೇಕಾದ ಲಕ್ಷಣಗಳು

ಎದುರಿನವರು ‘ಇದನ್ನು ನಮಗೆ ನಿಮ್ಮ ಸ್ನೇಹಿತರೇ ಕೊಟ್ಟರು’ ಎಂದು ಹೆಸರು ಹೇಳಿದರೆ ಪತ್ರ ವ್ಯವಹಾರ ನಿಲ್ಲಿಸಿ ಆ ಸ್ನೇಹಿತರನ್ನು ಮೊದಲು ಕೇಳಿ. ನಿಮ್ಮ ಪಟ್ಟಿಯ ಒಂದು ಭಾಗವನ್ನು ನೀವೇ ಬೇರೆ ಕಡೆಯಿಂದ ತಂದದ್ದು ಎಂದು ತೋರಿಸಿದರೆ ಆ ಭಾಗವನ್ನು ದೂರಿನಿಂದ ಕೈಬಿಡಿ. ಫೋನಿನಲ್ಲಿ ಮಾತ್ರ ಮಾತಾಡೋಣ ಎಂದು ಒತ್ತಾಯಿಸುವವರಿಗೆ, ಮಾತು ಮುಗಿದ ದಿನವೇ ಅದರ ಸಾರಾಂಶವನ್ನು ಇಮೇಲ್ ಮಾಡಿ. ಪಟ್ಟಿಯ ಜೊತೆ ಸಂಘಟಕರ ಫೋನ್ ನಂಬರುಗಳೂ ಅವರ ತಾಣದಲ್ಲಿ ಬಂದಿದ್ದರೆ ಹಕ್ಕಿನ ಚರ್ಚೆಗೆ ಕಾಯದೆ ಅದನ್ನು ಮೊದಲು ತೆಗೆಸಿ, ಮತ್ತು ನಿಮ್ಮ ತಾಣದಿಂದಲೂ ತೆಗೆಯಿರಿ.

ಹಂತ 9: ಅವರು ಒಪ್ಪಂದಕ್ಕೆ ಬಂದರೆ

ಕೆಲವು ಕಂಪನಿಗಳು ಪುಟ ತೆಗೆಯುವ ಬದಲು ಹೆಸರು ಹಾಕುತ್ತೇವೆ, ಸ್ವಲ್ಪ ಹಣ ಕೊಡುತ್ತೇವೆ ಎನ್ನುತ್ತವೆ. ಒಪ್ಪುವುದರಲ್ಲಿ ತಪ್ಪಿಲ್ಲ, ಆದರೆ ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ವಹಿಸಿಕೊಡಲಾಗಿದೆ’ ಎಂಬ ಸಾಲು ಕರಡಿನಲ್ಲಿದ್ದರೆ ಹೊಡೆದುಹಾಕಿಸಿ, ಬಳಸಲು ಮಾತ್ರ ಅನುಮತಿ ಕೊಡಿ. ಯಾವ ಪುಟಗಳು, ಯಾವ ಉದ್ದೇಶ, ಎಷ್ಟು ಕಾಲ, ಎಷ್ಟು ಹಣ, ಯಾವ ಪ್ರದೇಶ ಎಂಬುದನ್ನು ಬರೆಸಿ. ಕಾಲ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಭಾವಿಸುತ್ತದೆ. ಬಂದ ಹಣದಲ್ಲಿ ಟಿಪ್ಪಣಿ ಬರೆದುಕೊಟ್ಟ ಸ್ನೇಹಿತರ ಪಾಲು ಎಷ್ಟು ಎಂಬುದನ್ನು ಸಹಿ ಹಾಕುವ ಮೊದಲೇ ಅವರೊಂದಿಗೆ ಕೂತು ತೀರ್ಮಾನಿಸಿ, ಅದನ್ನೂ ಕಾಗದದಲ್ಲಿ ಬರೆದಿಡಿ.